ಇದರಾಗ ಹೆಬ್ಬೆಟ್ಟು ಅದ್ದೂದು ಯಾವುದು?

ಹಳೇ ದೌತಿ, ಅಂದ್ರ ಶಾಯಿ ಕುಡಿಕಿ, ಹುಡ್ಕೊಂಡು ಹೊಂಟ್ರ, ಯಾವ ಊರಿಗೆ ಹೋದ್ರೂ ಕಡೀಕ ನಾ ಹೋಗಿ ನಿಲ್ಲೂದು ಒಂದೇ ನಮೂನಿ ಮನಿ ಮುಂದ. ಕುಲಕರ್ಣೇರ ವಾಡೇ, ವಕೀಲರ ಮನಿ, ಗಂಜಿನ್ಯಾಗ (ಕಾಳಿನ ಮಾರ್ಕೆಟ್ಟಿನ್ಯಾಗ) ಮುತ್ಯಾನ ಕಾಲದಿಂದ ಅಡತ್, ಅಂದ್ರ ದಲಾಲಿ ಧಂಧೆ, ನಡಿಸ್ಕೊಂಡು ಬಂದೋರ ದುಕಾನ್, ಇಲ್ಲಾಂದ್ರ ನಿಜಾಮ ಸರ್ಕಾರದಾಗ ಕಚೇರಿ ನೌಕ್ರಿ ಮಾಡಿದ ಖಾನ್‌ದಾನಿನ ಹವೇಲಿ. ಇಡೀ ಊರಿಗೆ ಊರೇ ಕೇಳ್ಕೊಂಡು ಬಂದ್ರೂ ದೌತಿ ಇರೂದು ಎರಡು ಮನ್ಯಾಗ, ಭಾಳಂದ್ರ ಮೂರು ಮನ್ಯಾಗ. ಉಳಿದ ಮನಿಗಳಾಗ ಕೇಳಿದ್ರ ಹಿರೇರು ನನ್ನ ಮಾರಿ ನೋಡಿ "ನಮ್ಮ ಮನ್ಯಾಗ ಎಲ್ಲೀದ್ರೀ ಸಾಹೇಬ್ರ, ನಾವೇನು ಬರಿಯೋರಾ" ಅಂತಾರ. ಅದರಾಗ ಸಿಟ್ಟಿಲ್ಲ, ಬ್ಯಾಸರಿಲ್ಲ, ಇದ್ದದ್ದು ಇದ್ದಂಗ ಹೇಳೋ ಧಾಟಿ ಅಷ್ಟೇ. ಆದ್ರ ಮನಿಗೆ ಬಂದಮ್ಯಾಲೂ ಆ ಮಾತು ನನ್ನ ಬಿಡೂದಿಲ್ಲ. ನನ್ನ ಕಪಾಟಿನ್ಯಾಗ ಸಾಲಾಗಿ ಇಟ್ಟಿರೋ ದೌತಿ, ಕಲಮ್‌ದಾನ್, ಮೊಹರು, ಪೇಪರ್‌ವೇಟ್, ಬ್ಲಾಟರ್ ಇವೆಲ್ಲ ಯಾರ ಕೈಯಾಗ ಇದ್ವು ಅನ್ನೂದು ನನಗ ಗೊತ್ತದ, ಇವುಗಳ ಎದುರಿಗೆ ಯಾರು ಕೂತಿದ್ರು, ಖರೇ ಹೇಳ್ಬೇಕಂದ್ರ ಯಾರು ನಿಂತಿದ್ರು, ಅನ್ನೂದು ಈ ಕಪಾಟು ಹೇಳೂದಿಲ್ಲ. ಭಾಳ ದಿವ್ಸದಿಂದ ಇದೇ ತಲ್ಯಾಗ ಕೊರೀಲಾಕತ್ತದ, ಅದಕ್ಕ ಬರೀಲಾಕ ಕೂತೀನಿ.

ನಂದು ಕಲಬುರಗಿ, ಬ್ಯಾಂಕಿನ್ಯಾಗ ನೌಕ್ರಿ. ಈ ಸಂಗ್ರಹ ಶುರುವಾಗಿದ್ದಕ್ಕ ದೊಡ್ಡ ಕಥಿ ಏನಿಲ್ಲ. ಅಪ್ಪ ಸಾಲಿ ಮಾಸ್ತರ್ ಇದ್ರು, ಅವರು ಹೋದಮ್ಯಾಲ ಟ್ರಂಕಿನ್ಯಾಗ ಒಂದು ದಪ್ಪ ಗಾಜಿನ ದೌತಿ ಸಿಕ್ತು, ಅಲ್ಲಿಂದ ಹತ್ತಿದ ಹುಚ್ಚು ಇದು.

ಕಪಾಟಿನ್ಯಾಗ ಏನೇನವ

ಎಲ್ಲಾದಕ್ಕಿಂತ ನನಗ ಜೀವ ಅಂದ್ರ ಹಿತ್ತಾಳಿ ಕಲಮ್‌ದಾನ್. ಗೇಣುದ್ದದ ಕೊಳವಿ, ಅದರ ಒಂದು ತುದಿಗೆ ಪಕ್ಕದಾಗ ಬೆಸುಗೆ ಹಾಕಿದ ಸಣ್ಣ ದೌತಿ, ಎರಡಕ್ಕೂ ಬ್ಯಾರೆ ಬ್ಯಾರೆ ಮುಚ್ಚಳ. ಕೊಳವ್ಯಾಗ ಬರೂ ಕಲಮು (ಜೊಂಡು ಹೆರೆದು ಮಾಡಿದ್ದು), ದೌತ್ಯಾಗ ಶಾಯಿ, ಸೊಂಟದ ಪಟ್ಟ್ಯಾಗ ಸಿಗಿಸ್ಕೊಂಡು ಊರೂರು ತಿರಗೋ ಕಾರಕೂನರ ಸಾಮಾನು ಇದು. ಮುಚ್ಚಳ ತೆಗೆದು ಬ್ಯಾಟರಿ ಹಚ್ಚಿ ಒಳಗ ನೋಡಿದ್ರ ಕರ್ರಗೆ ಒಂದು ಉಂಡಿ ಕೂತದ. ಹೊಸದಾಗಿ ಸಂಗ್ರಹ ಮಾಡೋರು ಕಸ ಅಂತ ಅದನ್ನ ಸೂಜಿಲೆ ಕಿತ್ತಿ ತಗೀತಾರ, ಅದು ಕಸ ಅಲ್ಲ. ರೇಷ್ಮಿ ನೂಲಿನ ಎಳಿ ಸುತ್ತಿ ದೌತಿಯೊಳಗ ಇಟ್ಟು ಮ್ಯಾಲ ಶಾಯಿ ಹಾಕ್ತಿದ್ರು. ಕಲಮಿನ ತುದಿ ತಳಕ್ಕ ಬಡಿದು ಮೊಂಡ ಆಗಬಾರ್ದು, ಬೇಕಾದಷ್ಟೇ ಶಾಯಿ ಹತ್ತಬೇಕು, ಕುದುರಿ ಮ್ಯಾಲ ಹೋಗ್ವಾಗ ದೌತಿ ಉಲ್ಟಾ ಆದ್ರೂ ಧೋತ್ರದ ಮ್ಯಾಲ ಚೆಲ್ಲಬಾರ್ದು, ಈ ಮೂರೂ ಕೆಲಸಕ್ಕ ಒಂದೇ ಉಂಡಿ. ಆ ಉಂಡಿ ಇರೋ ದೌತಿ ಸಿಕ್ರ ನಾನು ರೊಕ್ಕದ ಮಾರಿ ನೋಡೂದಿಲ್ಲ.

ಆಮ್ಯಾಲ ಬ್ರಿಟಿಷ್ ಸಾಮಾನು. ಬಿಳೀ ಪಿಂಗಾಣಿ ಕಪ್ಪು, ಸಾಲಿ ಡೆಸ್ಕಿನ ತೂತಿನ್ಯಾಗ ಇಳಿಬಿಡೋವಂಥವು, ಕೆಳಗ ಬೀಳಬಾರ್ದಂತ ಅಂಚು ಅಗಲ ಇರ್ತದ. ಬಾಯಿ ಒಳಗಡೆ ಕೊಳವಿ ಹಂಗ ಇಳಿದಿರೋ ಗಾಜಿನ ದೌತಿ, ಅಡ್ಡ ಬಿದ್ರೂ ಶಾಯಿ ಹೊರಗ ಬರೂದಿಲ್ಲ. ಕಂದು ಬಣ್ಣದ ದೊಡ್ಡ ಮಣ್ಣಿನ ಬಾಟ್ಲಿ, ಶಾಯಿ ಸುರೀಲಾಕ ಬಾಯಿಗೆ ಚುಂಚು, ಬುಡದ ಹತ್ರ ಒತ್ತಿದ ಮುದ್ರಿಯೊಳಗ ಡರ್ಬಿ ಹತ್ರದ ಡೆನ್ಬಿಯ ಬೋರ್ನ್ ಕಂಪನಿ ಹೆಸರು, ಲಂಡನ್ನಿನ ಪಿ. ಅಂಡ್ ಜೆ. ಆರ್ನಾಲ್ಡ್ ಶಾಯಿ ಕಂಪನಿ ಹೆಸರು. ಇಂಗ್ಲೆಂಡಿನ ಮಣ್ಣಿನ್ಯಾಗ ಮಾಡಿದ ಈ ಬಾಟ್ಲಿ ಇಲ್ಲೀತನಕ ಹೆಂಗ ಬಂತು ಅಂತ ಕೇಳೂದು ಬ್ಯಾಡ, ಆಗ ಕಚೇರಿಗೆ ಶಾಯಿ ಬರ್ತಿದ್ದೇ ಹಂಗ. ನಮ್ಮ ಕಡೆಯವರೇ ಶಾಯಿ ಪುಡಿ, ಶಾಯಿ ಗುಳಿಗಿ ಮಾಡಿ ಮಾರಿದ್ದು ಆಮ್ಯಾಲಿನ ಮಾತು, ದಾಂಡೇಕರ ಅಣ್ಣತಮ್ಮಂದಿರು 1931ರಾಗ ಕುದುರಿ ಛಾಪಿನ ಶಾಯಿ ಪುಡಿಯಿಂದ ಶುರು ಮಾಡಿದ್ದೇ ಇವತ್ತಿನ ಕ್ಯಾಮ್ಲಿನ್. ಬಂಗಾಳದ ಸುಲೇಖಾ 1934ರದ್ದು. ಈ ಎರಡೂ ಕಂಪನಿ ಹಳೇ ಗಾಜಿನ ಬಾಟ್ಲಿ ನನ್ನ ಹತ್ರ ಅವ, ಅವುಕ್ಕ ಮಾರ್ಕೆಟ್ಟಿನ್ಯಾಗ ಅಷ್ಟು ಕಿಮ್ಮತ್ತಿಲ್ಲ, ನನಗ ಅದ.

ಖರೀದಿ ಮಾಡೋ ಮಂದಿಗೆ ಒಂದು ಮಾತು ಹೇಳಿ ಮುಂದ ಹೋಗ್ತೀನಿ. ಹೈದರಾಬಾದಿನ ಜುಮೆರಾತ್ ಬಜಾರಿನ್ಯಾಗ ಹಿತ್ತಾಳಿ ದೌತಿ ಬೇಕಾದಷ್ಟು ಸಿಗ್ತಾವ, ಅದರಾಗ ಭಾಳಷ್ಟು ಹೊಸಾವು, ಎರಕ ಹೊಯ್ದು ಕರಿ ಹಚ್ಚಿ ಹಳೇದು ಅಂತ ಮಾರ್ತಾರ. ಹಳೇದರಾಗ ಸವಕಳಿ ಅನ್ನೂದು ಕೈ ಹತ್ತೋ ಕಡೇನೇ ಇರ್ತದ, ಮುಚ್ಚಳದ ಅಂಚು, ಕೀಲು, ಬುಡ. ಹೊಸದರಾಗ ಕರಿ ಬಣ್ಣ ಎಲ್ಲಾ ಕಡೆ ಒಂದೇ ಸಮ ಇರ್ತದ, ಬೆರಳು ಹೋಗದ ಸಂದ್ಯಾಗೂ ಅಷ್ಟೇ, ಬೆರಳು ದಿನಾ ಹತ್ತೋ ಕಡೇನೂ ಅಷ್ಟೇ. ಕೀಲು ಬಿಗಿ ಇರ್ತದ. ಒಳಗ ಮೂಸಿ ನೋಡ್ರಿ, ಉಗುರಿಲೆ ಕೆರೆದು ನೋಡ್ರಿ, ಶಾಯಿ ಬಿದ್ದಿದ್ದೇ ಇಲ್ಲಾಂದ್ರ ಅದು ದೌತಿ ಆಗಿ ಬದುಕಿಲ್ಲ. ಇನ್ನ ಖರೇ ಹಳೇದನ್ನ ತಂದು ಹುಣಸಿಹಣ್ಣಿಲೆ ತಿಕ್ಕಿ ಫಳಫಳ ಮಾಡೋರು ಅದಾರ, ಅವರಿಗೆ ಕೈಮುಗಿದು ಹೇಳ್ತೀನಿ, ಮಾಡಬ್ಯಾಡ್ರಿ. ನೂರು ವರ್ಷದ ಬಣ್ಣ ಐದು ಮಿನಿಟಿನ್ಯಾಗ ಹೋಗ್ತದ, ಮತ್ತ ಬರೂದಿಲ್ಲ. ಮತ್ತ ನೂರು ವರ್ಷ ದಾಟಿದ್ದು ಯಾವುದೇ ಇರ್ಲಿ, 1972ರ ಪ್ರಾಚ್ಯವಸ್ತು ಕಾಯ್ದೆ ಅದಕ್ಕ ಹತ್ತತದ, ವಿದೇಶದಾಗಿರೋ ಸಂಬಂಧಿಕರಿಗೆ ಗಿಫ್ಟ್ ಅಂತ ಸೂಟ್‌ಕೇಸಿನ್ಯಾಗ ಹಾಕಿ ಕಳಸೂದು ಅಪರಾಧ.

ಚಿತ್ತಾಪುರ ಕಡೆ ಒಂದು ಹಳ್ಳ್ಯಾಗ ಕುಲಕರ್ಣಿ ಮನೆತನದ ಹಿರಿಯರೊಬ್ಬರು ಅದಾರ, ನಾನು ಅವರಿಗೆ ಕಾಕಾ ಅಂತೀನಿ. ಎಂಬತ್ತು ದಾಟ್ಯಾದ, ನೆನಪು ಭಾರಿ ಗಟ್ಟಿ. ಅವರ ಪಡಸಾಲ್ಯಾಗ ನೆಲದ ಮ್ಯಾಲ ಕೂತು ಬರಿಯೋ ಡೆಸ್ಕು ಇನ್ನಾ ಅದ, ಮುಚ್ಚಳ ಇಳಿಜಾರು, ಒಳಗ ಖಾನೆ ಖಾನೆ. ಮೊದಲ್ನೇ ಸಲ ಹೋದಾಗ ಅವರು ಒಂದೊಂದೇ ಸಾಮಾನು ತೆಗೆದು ಹಾಸಿದ ಜಮಖಾನದ ಮ್ಯಾಲ ಇಟ್ರು. ಎರಡು ಬಾಯಿ ಹಿತ್ತಾಳಿ ದೌತಿ, ಒಂದು ಕರಿ ಶಾಯಿಗೆ ಒಂದು ಕೆಂಪಿಗೆ. ಕಲಮು ಹೆರಿಯೋ ಚಾಕು, ಅದರ ಅಲಗು ಹೆರೆದು ಹೆರೆದು ಅರ್ಧ ಆಗ್ಯಾದ. ಮುಚ್ಚಳಕ್ಕ ತೂತು ಇರೋ ಒಂದು ಸಣ್ಣ ಡಬ್ಬಿ, ಅದರಾಗ ಜರಡಿ ಹಿಡಿದ ನುಣ್ಣನ ಮಳಲು. ಬರೆದ ಕೂಡ್ಲೇ ಹಸಿ ಅಕ್ಷರದ ಮ್ಯಾಲ ಮಳಲು ಉದುರಿಸಿ, ಕಾಗದ ಸ್ವಲ್ಪ ಬಗ್ಗಿಸಿ, ಮಳಲನ್ನ ಮತ್ತ ಡಬ್ಬಿಗೇ ವಾಪಸ್ ಸುರೀತಿದ್ರಂತ. ಕಾಕಾ ಖಾಲಿ ಹಾಳಿ ಹಿಡಿದು ಅದನ್ನ ಮಾಡಿ ತೋರಿಸಿದ್ರು. ಎಡಗೈಲೆ ಕಾಗದ ಕೊಳವಿ ಹಂಗ ಮಡಚಿದ್ದು, ಬಲಗೈ ಬೆರಳಿಲೆ ಹಿಂದಿನಿಂದ ಒಂದು ಚಿಟಿಕಿ ಹೊಡೆದದ್ದು, ಒಂದು ಹಳ್ಳೂ ಜಮಖಾನದ ಮ್ಯಾಲ ಬೀಳಲಿಲ್ಲ. ಅಪ್ಪನ್ನ ನೋಡಿ ಕಲಿತ ಕೈ ಅದು. ಅವರ ಅಪ್ಪ ಆ ಊರಿನ ಕಡೀ ಪಟವಾರಿ, ಅಂದ್ರ ಊರ ಹೊಲ, ಕಂದಾಯದ ಲೆಕ್ಕ ಬರಿಯೋರು. ವಂಶಪಾರಂಪರ್ಯ ಗ್ರಾಮಾಧಿಕಾರ ರದ್ದು ಮಾಡೋ ಕಾಯ್ದೆ 1961ರಾಗ ಆಯ್ತು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕ. ಆಮ್ಯಾಲ ದಫ್ತರೆಲ್ಲ ಸರ್ಕಾರಿ ಲೆಕ್ಕಿಗರ ಕೈಗೆ ಹೋತು, ಮನ್ಯಾಗ ಉಳಿದದ್ದು ಡೆಸ್ಕು ಮತ್ತ ದೌತಿ. "ದೀಪಾವಳಿ ಪಾಡ್ಯಾಕ್ಕ ಅಪ್ಪ ಇದಕ್ಕ ಪೂಜಿ ಮಾಡೂದು ಕಡೀತನಕ ಬಿಡಲಿಲ್ಲಪಾ, ಬರಿಯೂದು ಏನೂ ಇರಲಿಲ್ಲ, ಆದ್ರೂ ಶಾಯಿ ಹಾಕಿ ಇಡ್ತಿದ್ರು" ಅಂದ್ರು ಕಾಕಾ. ದೌತಿ ನನಗ ಕೊಡುವಾಗ ರೊಕ್ಕ ಮುಟ್ಟಲಿಲ್ಲ, ಒಂದೇ ಕರಾರು ಹಾಕಿದ್ರು, ಒಳಗ ತೊಳೀಬ್ಯಾಡ ಅಂತ.

ಬೀದರದ ಮೊಹರು

ಬೀದರಿಗೆ ನಾನು ಹೋಗೂದು ಬಿದ್ರಿ ಕಲಮ್‌ದಾನಿನ ಆಶಾಕ್ಕ. ಹಳೇ ಬಿದ್ರಿ ದೌತಿ, ಕಲಮ್‌ದಾನ್ ಈಗ ಮ್ಯೂಸಿಯಮ್ಮಿನ್ಯಾಗ ನೋಡ್ಬೇಕು, ಖಾಸಗಿ ಮನ್ಯಾಗ ಸಿಕ್ರೂ ಅವರು ಕೊಡೂದಿಲ್ಲ, ಕೊಡಲೂಬಾರ್ದು. ಚೌಬಾರಾದ ಹತ್ರ ಕಾರ್ಖಾನೆಗಳಾಗ ಕೂತು ಕೆಲಸ ನೋಡೂದೇ ನನಗ ಸಾಕು. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಮಳಲಿನ ಅಚ್ಚಿನ್ಯಾಗ ಎರಕ ಹೊಯ್ತಾರ, ಅದನ್ನ ನುಣ್ಣಗ ಮಾಡಿ ಮೈಲುತುತ್ತದ ನೀರು ಹಚ್ಚಿದ್ರ ತಾತ್ಪೂರ್ತಿಕ ಕರ್ರಗಾಗ್ತದ, ಆ ಕರಿ ಮ್ಯಾಲ ಚೂಪು ಉಳಿಲೆ ನಕ್ಷಿ ಬರೀತಾರ. ನಕ್ಷಿ ಕೊರೆದ ಗೆರಿಯೊಳಗ ಬೆಳ್ಳಿ ತಂತಿ ಇಟ್ಟು ಹೊಡೀತಾರ. ಕಡೀಕ ಕ್ವಾಟಿಯೊಳಗಿನ ಹಳೇ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಿನ್ಯಾಗ ಅದ್ದಿದ್ರ ಲೋಹ ಪೂರಾ ಕರ್ರಗಾಗ್ತದ, ಬೆಳ್ಳಿ ಹಂಗೇ ಬೆಳ್ಳಗ ಉಳೀತದ. 2006ರಾಗ ಈ ಕಲಾಕ್ಕ ಜಿಐ (ಈ ಊರಿನದ್ದೇ ಸಾಮಾನು ಅನ್ನೋ ಭೌಗೋಳಿಕ ಗುರ್ತು) ಸಿಕ್ತು, 2023ರಾಗ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇವತ್ತೂ ಅಲ್ಲಿ ತಯಾರಾಗೋದ್ರಾಗ ಪೆನ್ ಸ್ಟ್ಯಾಂಡು, ಪೇಪರ್‌ವೇಟು, ಲಕೋಟಿ ಒಡಿಯೋ ಚಾಕು, ಕಾರ್ಡಿನ ಡಬ್ಬಿ ಇರ್ತಾವ, ಸನ್ಮಾನದಾಗ ಕೊಡ್ಲಾಕ ಒಯ್ತಾರ. ಮೇಜಿನ ಮ್ಯಾಲಿನ ಸಾಮಾನು ಅಂದ್ರ ಇವತ್ತೂ ಅದು ಅಧಿಕಾರ ಇದ್ದೋರ ಮೇಜಿಗೇ ಹೋಗಿ ಸೇರ್ತದ.

ಒಂದು ಸಣ್ಣ ವಿಷಯ, ಬಿದ್ರಿ ದೌತಿ ಸಿಕ್ರ ಒಳಗ ಗಾಜಿನ ಇಲ್ಲಾ ಬ್ಯಾರೆ ಲೋಹದ ಬಟ್ಟಲು ಕೂಡಿಸಿದ್ದಾರೇನು ನೋಡ್ರಿ. ಕಾಡಿಗಿ ಶಾಯಿ ಲೋಹಕ್ಕ ಏನೂ ಮಾಡೂದಿಲ್ಲ. ಅನ್ನಭೇದಿ (ಕಬ್ಬಿಣದ ಒಂದು ಉಪ್ಪು), ಅಳಲೆಕಾಯಿ ಕೂಡಿಸಿ ಮಾಡಿದ ಶಾಯಿ ಹುಳಿ ಗುಣದ್ದು, ಸತುವನ್ನ ತಿಂತದ, ಕಾಗದಾನೂ ನಿಧಾನಕ ತಿಂತದ. ಹಳೇ ದಸ್ತಾವೇಜಿನ್ಯಾಗ ಅಕ್ಷರ ಇದ್ದ ಜಾಗಾನೇ ಕಂದು ಆಗಿ ತೂತು ಬಿದ್ದಿರ್ತದಲ್ಲ, ಅದು ಈ ಶಾಯಿ ಕೆಲಸ.

ಬೀದರಿಗೆ ಹೋದಾಗೆಲ್ಲ ಮಹಮೂದ್ ಗವಾನನ ಮದರಸಾದ ಮುಂದ ಸ್ವಲ್ಪ ಹೊತ್ತು ಕೂಡ್ತೀನಿ. 1472ರಾಗ ಕಟ್ಟಿದ್ದು, ಉಳಿದ ಒಂದೇ ಮಿನಾರಿನ ಮ್ಯಾಲ ಬಣ್ಣದ ಹೆಂಚು ಇನ್ನಾ ಹೊಳೀತಾವ. ಗವಾನ ಬಹಮನಿ ಸುಲ್ತಾನರ ದೊಡ್ಡ ವಜೀರ ಅಷ್ಟೇ ಅಲ್ಲ, ದೊಡ್ಡ ಪತ್ರಗಾರ, ಅವನು ಫಾರ್ಸಿಯೊಳಗ ಬರೆದ ಪತ್ರಗಳು ಸಂಗ್ರಹ ಆಗಿ ಉಳಿದಾವ. ಅಂಥವನ ಜೀವ ಹೋದದ್ದು ಒಂದು ಖಾಲಿ ಕಾಗದದಿಂದ. ಅವನ ವೈರಿಗಳು ಮೊಹರು ಕಾಯೋ ಆಳನ್ನ ಕುಡಿಸಿ ಒಲಿಸ್ಕೊಂಡು ಖಾಲಿ ಕಾಗದಕ್ಕ ಗವಾನನ ಮೊಹರು ಒತ್ತಿಸ್ಕೊಂಡ್ರು, ಆಮ್ಯಾಲ ಅದರ ಮ್ಯಾಲ ಒಡಿಶಾದ ರಾಜನಿಗೆ ದಂಡು ತಗೊಂಡು ಬಾ ಅಂತ ಕರೆಯೋ ಪತ್ರ ಬರೆದ್ರು. ಸುಲ್ತಾನ ಕೇಳಿದಾಗ ಮೊಹರು ನಂದೇ, ಬರಹ ನಂದಲ್ಲ ಅಂತ ಹೇಳಿದ್ನಂತ. ಕೇಳಲಿಲ್ಲ. 1481ರ ಏಪ್ರಿಲಿನ್ಯಾಗ ತಲಿ ಹೊಡೆಸಿದ್ರು. ಸತ್ಯ ಗೊತ್ತಾದಮ್ಯಾಲ ಸುಲ್ತಾನ ಕೊರಗಿದ, ಮುಂದಿನ ವರ್ಷ ತಾನೂ ಸತ್ತ, ಬಹಮನಿ ರಾಜ್ಯ ಮತ್ತ ಮೊದಲಿನಂಗ ಆಗಲಿಲ್ಲ. ನನ್ನ ಹತ್ರ ಇರೋ ಸಣ್ಣ ಹಿತ್ತಾಳಿ ಮೊಹರುಗಳನ್ನ ಕೈಯಾಗ ಹಿಡಿದಾಗೆಲ್ಲ ಈ ಕಥಿ ನೆನಪಾಗ್ತಿತ್ತು. ಆದ್ರ ಇದು ವಜೀರನ ಕಥಿ, ಅದಕ್ಕ ಬರೆದಿಟ್ಟಾರ. ಖಾಲಿ ಕಾಗದದ ಕಥಿ ಇನ್ನೊಂದು ಅದ, ಅದನ್ನ ಕೇಳಿದ್ದು ನನ್ನ ಮನಿಯೊಳಗೇ.

ಅವ್ವ ಕೇಳಿದ್ದು

ನನ್ನ ದೋಸ್ತನ ತಾಯಿ ಕಣ್ಣಿನ ಆಪರೇಷನ್ನಿಗೆ ಅಂತ ಸುರಪುರ ಕಡೆಯ ಹಳ್ಳಿಯಿಂದ ಕಲಬುರಗಿಗೆ ಬಂದಿದ್ರು. ಪಟ್ಟಿ ಬಿಚ್ಚಿದ ಮ್ಯಾಲ ಒಂದು ದಿವ್ಸ ನಮ್ಮ ಮನಿಗೆ ಊಟಕ್ಕ ಕರೆದಿದ್ದೆ. ಹೊಸಾ ಕಣ್ಣು ಬಂದ ಖುಷ್ಯಾಗ ಅವ್ವ ಮನಿಯೊಳಗಿನ ಎಲ್ಲಾ ಸಾಮಾನು ಹತ್ರ ಹೋಗಿ ಹೋಗಿ ನೋಡ್ಲಾಕತ್ತಿದ್ಳು, ಕ್ಯಾಲೆಂಡರಿನ ತಾರೀಖು, ಪರದಿ ಮ್ಯಾಲಿನ ಹೂವು, ಎಲ್ಲಾ. ಕಪಾಟಿನ ಮುಂದ ಬಂದು ನಿಂತ್ಳು. ನಾನು ಸಡಗರದಿಂದ ಒಂದೊಂದೇ ತೋರ್ಸಿ, ಇದು ಶಾಯ್ಯಾಗ ಅದ್ದಿ ಬರಿಯೋ ಟಾಕು, ಇದು ದೌತಿ, ಇದು ಅರಗಿನ ಮ್ಯಾಲ ಒತ್ತೋ ಮೊಹರು ಅಂತ ಹೇಳ್ಕೋತ ಹೋದೆ. ಪೂರಾ ಕೇಳಿದ್ಳು. ಆಮ್ಯಾಲ ಕೇಳಿದ್ಳು, "ಇಷ್ಟೆಲ್ಲಾ ಅವಲ್ಲ ತಮ್ಮಾ, ಇದರಾಗ ಹೆಬ್ಬೆಟ್ಟು ಅದ್ದೂದು ಯಾವುದು?"

ಅದಿಲ್ಲವ್ವ ಅಂದೆ. "ಹಂಗಾರ ನಮ್ದು ಇದರಾಗ ಇಲ್ಲ ಬಿಡು" ಅಂದ್ಳು.

ಊಟ ಆದಮ್ಯಾಲ ತಾನೇ ಮಾತು ತೆಗೆದ್ಳು. ಎಪ್ಪತ್ತೆರಡರ ಬರ. ಮನ್ಯಾಗ ಕಾಳಿಲ್ಲ, ಬಿತ್ತಲಾಕ ಬೀಜಿಲ್ಲ, ಅವಳ ಮಾವ ಸಾಹುಕಾರರ ಮನಿಗೆ ಸಾಲಕ್ಕ ಹೋಗ್ವಾಗ ಹೊಸಾ ಸೊಸಿ ಇವಳನ್ನೂ ಕರ್ಕೊಂಡು ಹೋಗಿದ್ನಂತ, ಕಾಳಿನ ಗಂಟು ಹೊರ್ಲಾಕ ಒಂದು ತಲಿ ಹೆಚ್ಚಿಗಿ ಇರ್ಲಿ ಅಂತ. ಕಟ್ಟಿ ಕೆಳಗ ನಿಂತು ನೋಡ್ಯಾಳ. ಒಂದು ತಗಡಿನ ಡಬ್ಬಿ, ಎಣ್ಣಿ ಕುಡಿದ ಅರಿವ್ಯಾಗ ಸುತ್ತಿದ್ದು. ಬಿಚ್ಚಿದ್ರ ಒಳಗ ನೀಲಿ ಹಾಸು. ಮಾವನ ಹೆಬ್ಬೆಟ್ಟು ಹಿಡಿದು ಅದರ ಮ್ಯಾಲ ಒತ್ತಿ, ಛಾಪಾ ಕಾಗದದ ಕೆಳಗ ಒತ್ತಿಸ್ಕೊಂಡ್ರು. "ಕಾಗದದಾಗ ಏನು ಬರ್ದಿದ್ರವ್ವ?" ಅಂತ ನಾ ಕೇಳಿದೆ. "ಏನೂ ಬರ್ದಿರಲಿಲ್ಲ. ಓದ್ಲಾಕ ಬರದಿದ್ರ ಏನಾತು, ಖಾಲಿ ಕಾಗದ ಖಾಲಿ ಅಂತ ಕಾಣ್ತದಲ್ಲೋ ತಮ್ಮಾ." ಮಾವಗೂ ಕಂಡಿತ್ತು. ಕಂಡ್ರೂ ಒತ್ತಿದ, ಮನ್ಯಾಗ ಹುಡುಗ್ರು ಉಪಾಸ ಇದ್ವು. ಒತ್ತಿದ ಮ್ಯಾಲ ಬೆರಳಿನ ಶಾಯಿ ತಲಿಗೂದಲಿಗೆ ಒರಸ್ಕೊಂಡ. ನಮ್ಮ ಕಡೆ ಎಲ್ಲಾರೂ ಹಂಗೇ ಒರಸ್ಕೋತಾರ, ಬ್ಯಾಂಕಿನ್ಯಾಗ ದಿನಾ ನೋಡೀನಿ, ಯಾಕ ಅಂತ ನಾ ಯಾವತ್ತೂ ಕೇಳಿರಲಿಲ್ಲ. ಅವ್ವ ಹೇಳಿದ್ಳು, "ಧೋತ್ರ ಇದ್ದದ್ದು ಒಂದೇ, ಅದಕ್ಕ ಒರಸ್ಕೊಂಡ್ರ ಕಲಿ ಹೋಗ್ತಿರಲಿಲ್ಲ." ಹೊಲ ಆಮ್ಯಾಲ ಹೋತು. ಎಷ್ಟು ಸಾಲ, ಎಷ್ಟು ಬಡ್ಡಿ, ಯಾವ ವರ್ಷ ಹೋತು, ಅದೆಲ್ಲ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗವಾನನ ಮೊಹರು ಕದ್ದು ಒತ್ತಿಸ್ಕೊಂಡ್ರು, ಅವನಿಗೆ ಗೊತ್ತಿರಲಿಲ್ಲ. ಇಲ್ಲಿ ಮನುಷ್ಯಾ ಕಣ್ಣಾರೆ ನೋಡಿ, ಗೊತ್ತಿದ್ದೂ, ತನ್ನ ಬೆರಳು ತಾನೇ ಚಾಚ್ಯಾನ. ಇದರಾಗ ಯಾವುದು ದೊಡ್ಡ ಅನ್ಯಾಯ ಅಂತ ನನ್ನ ಕೇಳಿದ್ರ ಎರಡನೇದು ಅಂತೀನಿ.

ಅದೇ ದೌತಿ

ಮರುದಿವ್ಸ ಚಿತ್ತಾಪುರದ ಕಾಕಾಗ ಫೋನ್ ಹಚ್ಚಿದೆ. ಕಾಕಾ, ನಿಮ್ಮ ಅಪ್ಪಾರು ಹೆಬ್ಬೆಟ್ಟು ಹೆಂಗ ತಗೋತಿದ್ರು, ಪ್ಯಾಡ್ ಇತ್ತೇನು? "ಪ್ಯಾಡ್ ಗೀಡ್ ಭಾಳ ಆಮ್ಯಾಲ ಬಂತಪಾ. ಅದೇ ದೌತ್ಯಾಗಿಂದು. ಕಲಮಿನ ಹಿಂದಿನ ತುದಿ ಅದ್ದಿ ಹೆಬ್ಬೆಟ್ಟಿಗೆ ಎರಡು ಹನಿ ಹಚ್ಚೂದು, ಒತ್ತಿಸೂದು." ಸ್ವಲ್ಪ ತಡೆದು ಅಂದ್ರು, "ಅಪ್ಪ ಬೆರಳು ಮುಟ್ಟುತಿರಲಿಲ್ಲ. ಕಲಮಿನ ತುದಿಲೇ." ಅದು ಯಾಕ ಅಂತ ಅವರೂ ಬಿಡಿಸಿ ಹೇಳಲಿಲ್ಲ, ನನಗೂ ಬೇಕಾಗಿರಲಿಲ್ಲ. ಯಾರ ಬೆರಳು ಮುಟ್ಟಬಾರ್ದು ಅಂತ ಆ ಮನ್ಯಾಗ ಇತ್ತು ಅನ್ನೂದು ನಮ್ಮ ಊರಾಗ ಹುಟ್ಟಿದೋರಿಗೆ ಯಾರೂ ಹೇಳ್ಬೇಕಾಗಿಲ್ಲ. ಕಾಕಾ ಇದನ್ನ ಮುಚ್ಚಿಡಲಿಲ್ಲ, ಅದಕ್ಕ ಅವರ ಮ್ಯಾಲಿನ ಗೌರವ ನನಗ ಇನ್ನಷ್ಟು ಹೆಚ್ಚಾತು.

ಆ ದೃಷ್ಟಿಲೆ ನಾನು ಮತ್ತ ನನ್ನ ಹತ್ರ ಇರೋ ಹಳೇ ಕಾಗದಗಳನ್ನೆಲ್ಲ ತೆಗೆದು ನೋಡಿದೆ, ದೌತಿ ಜೋಡಿ ಬಂದ ಉರ್ದು, ಮೋಡಿ (ಮರಾಠಿ ಬರಿಯೋ ಹಳೇ ಲಿಪಿ), ಕನ್ನಡ ದಸ್ತಾವೇಜು. ಮ್ಯಾಲ ಅಕ್ಷರ ಒಂದೊಂದೂ ಮುತ್ತಿನಂಗ, ಕೆಳಗ ಒಂದು ಕರಿ ಬೊಟ್ಟು. ಬೂತಗನ್ನಡಿ ಹಿಡಿದು ನೋಡ್ರಿ, ಆ ಬೊಟ್ಟಿನ್ಯಾಗ ಗೆರಿ ಇಲ್ಲ. ಬರಿಯೋ ಶಾಯಿ ನೀರಿನದ್ದು, ತೆಳ್ಳಗ ಇರ್ತದ, ಬೆರಳಿನ ಗೆರಿ ನಡುವಿನ ಸಂದೆಲ್ಲ ತುಂಬಿಬಿಡ್ತದ, ಒತ್ತಿದ್ರ ಬರೂದು ಒಂದು ಗುಂಡನ ಕಲಿ ಅಷ್ಟೇ. ಪ್ಯಾಡಿನ ಶಾಯಿ ಹಂಗಲ್ಲ, ದಪ್ಪ, ಬ್ಯಾಗ ಒಣಗೂದಿಲ್ಲ, ಹಾಸಿನ್ಯಾಗ ಹೀರಿಕೊಂಡು ಕೂಡ್ತದ, ಬೆರಳಿನ ಎದ್ದ ಗೆರಿಗಷ್ಟೇ ಹತ್ತತದ. ಅಂದ್ರ ದೌತಿ ಶಾಯಿಲೆ ಒತ್ತಿದ ಆ ಹೆಬ್ಬೆಟ್ಟು ಯಾರದ್ದು ಅಂತ ಯಾವ ಕೋರ್ಟಿನ್ಯಾಗೂ ಸಾಬೀತು ಮಾಡ್ಲಾಕ ಆಗೂದಿಲ್ಲ. ಪಕ್ಕದಾಗ ಬರಿಯೋನು "ಇಂಥವನ ಹೆಬ್ಬೆಟ್ಟಿನ ಗುರ್ತು" ಅಂತ ಬರ್ದಿರ್ತಾನ, ಆ ಬರಹಕ್ಕಷ್ಟೇ ಬೆಲಿ. ಬೆರಳು ಇವನದ್ದು, ಸಾಕ್ಷಿ ದೌತಿ ಇದ್ದೋನದ್ದು.

ಹೆಬ್ಬೆಟ್ಟಿಗೆ ತನ್ನದೇ ಸಾಕ್ಷಿ ಅದ ಅಂತ ಸರ್ಕಾರದ ಮಂದಿ ತಿಳ್ಕೊಂಡದ್ದೂ ನಮ್ಮ ದೇಶದಾಗೇ. 1858ರಾಗ ಬಂಗಾಳದ ಜಂಗೀಪುರದಾಗ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ, ರಾಜ್ಯಧರ ಕೊನಾಯಿ ಅನ್ನೋ ಗುತ್ತಿಗೆದಾರನ ಜೋಡಿ ರಸ್ತೆ ಸಾಮಾನಿನ ಕರಾರು ಮಾಡ್ಕೋವಾಗ ಅವನ ಇಡೀ ಅಂಗೈ ಛಾಪು ತಗೊಂಡ, ನಾಳಿ ಇದು ನಂದಲ್ಲ ಅನ್ನಬಾರ್ದು ಅಂತ. ಅಂಗೈಗೆ ಹಚ್ಚಿದ್ದು ಆಫೀಸಿನ ಮೊಹರಿಗೆ ಅಂತ ಮಾಡಿಟ್ಟ ಎಣ್ಣಿ ಶಾಯಿ. ಮೊಹರಿನ ಶಾಯಿ ಆಳಿನ ಕೈಗೆ ಹತ್ತಿದ್ದು ಅಲ್ಲಿ. 1897ರಾಗ ಕಲ್ಕತ್ತಾದಾಗ ಬೆರಳಚ್ಚಿನ ಬ್ಯೂರೋ ಶುರುವಾತು, ಗೆರಿಗಳನ್ನ ವಿಂಗಡಿಸೋ ಪದ್ಧತಿ ಮಾಡೋದ್ರಾಗ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರು ನಮ್ಮವರ ದುಡಿಮಿ ದೊಡ್ಡದು. ಅಲ್ಲಿಂದ ನಮ್ಮ ಹಳ್ಳಿ ಸಾಹುಕಾರರ ಕಟ್ಟಿಗೆ ತಗಡಿನ ಪ್ಯಾಡ್ ಬಂತು. ಪ್ಯಾಡ್ ಬಂದಮ್ಯಾಲ ಬೆರಳು ಯಾರದ್ದು ಅನ್ನೂದು ಪಕ್ಕಾ ಆತು. ಮ್ಯಾಲ ಏನು ಬರ್ದಾರ ಅನ್ನೂದು ಮಾತ್ರ ಮೊದಲಿನಂಗೇ ಬರಿಯೋನ ಕೈಯಾಗೇ ಉಳೀತು.

ಇದು ಮುಗಿದ ಕಾಲದ ಮಾತು ಅನ್ನಬ್ಯಾಡ್ರಿ. 2011ರ ಜನಗಣತಿಯೊಳಗ ಯಾದಗಿರಿ ಜಿಲ್ಲೆ ಸಾಕ್ಷರತಾ ಶೇ 51.83, ಇಡೀ ರಾಜ್ಯದಾಗ ಎಲ್ಲಕ್ಕಿಂತ ಕಡಿಮಿ. ನಮ್ಮ ಕೌಂಟರಿನ್ಯಾಗ ನೇರಳೆ ಪ್ಯಾಡ್ ಇವತ್ತೂ ಅದ. ಎಷ್ಟು ರೊಕ್ಕ, ಯಾಕ ಅಂತ ಚೀಟಿ ಓದಿ ಹೇಳದ ಹೊರ್ತು ನಾನು ಯಾರ ಹೆಬ್ಬೆಟ್ಟೂ ತಗೋಳೂದಿಲ್ಲ, ಹಿಂದ ಲೈನ್ ಎಷ್ಟೇ ಉದ್ದ ಇರ್ಲಿ. ಈಗ ರೇಷನ್ ದುಕಾನಿನ್ಯಾಗ, ಊರಾಗಿನ ರೊಕ್ಕ ಕೊಡೋ ಪಾಯಿಂಟಿನ್ಯಾಗ ಮಷೀನ್ ಬಂದಾವ, ಶಾಯಿ ಬೇಕಾಗಿಲ್ಲ. ಕಲ್ಲು ಹೊತ್ತು, ತೊಗರಿ ಕೊಯ್ದು ಗೆರಿ ಸವೆದ ಬೆರಳನ್ನ ಮಷೀನ್ ಹಿಡಿಯೂದಿಲ್ಲ, ಒರಸಿ ಒರಸಿ ಮತ್ತ ಮತ್ತ ಇಡ್ತಾರ, ಹಿಂದ ನಿಂತೋರು ಬೈತಾರ.

ತಗಡಿನ ಡಬ್ಬಿ

ಅವ್ವ ಕೇಳಿದ ಮ್ಯಾಲ ನಾನು ಹೆಬ್ಬೆಟ್ಟಿನ ಪ್ಯಾಡ್ ಹುಡುಕ್ಲಾಕ ಶುರು ಮಾಡಿದೆ. ದೌತಿಗಿಂತ ಎಷ್ಟೋ ಕಠಿಣ. ದೌತಿಯನ್ನ ಪೂಜಿ ಮಾಡಿ, ಅರಿವಿ ಸುತ್ತಿ ಸಂದೂಕಿನ್ಯಾಗ ಇಟ್ಟಿರ್ತಾರ, ಪ್ಯಾಡ್ ಒಣಗಿದ ಕೂಡ್ಲೇ ತಿಪ್ಪಿಗೆ ಒಗೀತಾರ. ತಗಡು ಜಂಗ್ ಹಿಡೀತದ, ಹಾಸು ಇಲಿ ತಿಂತಾವ. ಸಂಗ್ರಹ ಮಾಡೋ ಒಬ್ಬ ಹಿರಿಯ ಗೆಳೆಯರು, ಹೈದರಾಬಾದಿನವರು, ನಾನು ಇದನ್ನ ಕೇಳಿದ್ದಕ್ಕ ಬುದ್ಧಿ ಹೇಳಿದ್ರು, ತಗಡಿನ ಡಬ್ಬಿಗೆ ಏನು ಕಿಮ್ಮತ್ತು, ನಿನ್ನ ಸಂಗ್ರಹದ ಲೆವೆಲ್ ಇಳೀತದ ಅಂತ. ಅವರಿಂದ ನಾನು ಭಾಳ ಕಲಿತೀನಿ, ಆದ್ರ ಈ ಮಾತು ಒಪ್ಪೂದಿಲ್ಲ. ಕಿಮ್ಮತ್ತು ಅನ್ನೂದು ಬೆಳ್ಳಿ ತಂತಿಯಿಂದ, ಲಂಡನ್ ಮುದ್ರಿಯಿಂದ ಬರ್ತದ ಅಂದ್ರ ನಾವು ಬರಿಯೋರ ಕಡೆಯಿಂದ ಅಷ್ಟೇ ಮೇಜು ನೋಡಾಕತ್ತೀವಿ. ಮೇಜಿಗೆ ಎರಡು ಕಡೆ ಅವ.

ಹೋದ ವರ್ಷ ಗಂಜಿನ್ಯಾಗ ಒಂದು ಹಳೇ ಅಡತ್ ದುಕಾನ್ ಕೆಡವಿ ಹೊಸದು ಕಟ್ಟಾಕತ್ತಿದ್ರು. ಮಾಲಕರು ಪರಿಚಯದವರು, ಸಾಮಾನು ನೋಡ ಬಾ ಅಂತ ಕರೆದ್ರು. ಗಾದಿ, ಲೋಡು, ತಿಜೋರಿ, ಕೀರ್ದಿ ಖಾತೆ ಪುಸ್ತಕ, ಎಲ್ಲಾ ಹೊರಗ ಹಾಕಿದ್ರು. ತಿಜೋರಿ ಕೆಳಗಿನ ಖಾನ್ಯಾಗ ಆ ಡಬ್ಬಿ ಇತ್ತು. ಅಂಗೈ ಅಗಲ, ಮುಚ್ಚಳದ ಮ್ಯಾಲಿನ ಬಣ್ಣ ಪೂರಾ ಹೋಗಿ ತಗಡು ಕಾಣ್ತದ, ಎದುರಿನ ಅಂಚಿನ ಹತ್ರ ಮಾತ್ರ ಕೆಂಪು ಉಳಿದದ. ಒಳಗಿನ ಹಾಸು ನೇರಳೆ ಹೋಗಿ ಕರ್ರಗಾಗಿ ಒಣಗ್ಯಾದ, ಮ್ಯಾಲಿನ ಅರಿವಿ ನಡುವ ಹರದದ. ನಡಕ ಅಂದ್ರ ಪೂರಾ ನಡಕಲ್ಲ, ದುಕಾನಿನ್ಯಾಗ ಕೂತೋರ ಕಡೆಯಿಂದ ನೋಡಿದ್ರ ಆಚಿ ಕಡೆಗೆ, ಎದುರಿಗೆ ನಿಂತೋರ ಕೈ ಬರೋ ಕಡೆಗೆ, ಹೆಬ್ಬೆಟ್ಟಿನ ಅಗಲದ ಒಂದು ತಗ್ಗು ಬಿದ್ದದ. ರೈತರು ಮುಂಗಡ ತಗೊಂಡದ್ದು, ಹಮಾಲರು ಕೂಲಿ ತಗೊಂಡದ್ದು, ಎಲ್ಲಾ ಅದೇ ತಗ್ಗಿನಿಂದ. ಮಾಲಕರು ಇದನ್ನೇನು ಒಯ್ತೀರಿ ಸರ್, ದೌತಿ ಒಯ್ರಿ ಅಂದ್ರು. ಎರಡೂ ಕೊಟ್ರು. ದೌತಿ ಜೋಡಿ ಅದೇ ಸಾಲಿನ್ಯಾಗ ಇಟ್ಟೀನಿ, ಅದರ ಪಕ್ಕ ಒಂದು ಚೀಟಿ ಅದ, ಯಾವ ದುಕಾನ್, ಯಾವ ಧಂಧೆ, ಯಾರ್ಯಾರು ಬರ್ತಿದ್ರು ಅಂತ ಮಾಲಕರು ಹೇಳಿದ್ದನ್ನ ಬರೆದದ್ದು. ಈಗ ಪ್ರತಿ ದೌತಿಗೂ ಅಂಥ ಚೀಟಿ ಬರೀಲಾಕತ್ತೀನಿ, ಕಾಕಾನ ದೌತಿ ಚೀಟ್ಯಾಗ ಕಲಮಿನ ಹಿಂದಿನ ತುದಿ ಮಾತೂ ಅದ, ಅವರಿಗೆ ಓದಿ ತೋರ್ಸಿ, ಹೂಂ ಅಂದಮ್ಯಾಲ ಬರೆದದ್ದು.

ನಿಮ್ಮ ಕಡೆ ಯಾರಾದ್ರೂ ಹಳೇ ದುಕಾನ್ ಕೆಡವೂದು, ವಾಡೇ ಖಾಲಿ ಮಾಡೂದು, ಸೊಸೈಟಿ ಆಫೀಸ್ ಬದಲಿ ಮಾಡೂದು ಇದ್ರ ಒಂದು ಕೆಲಸ ಮಾಡ್ರಿ. ತಗಡಿನ ಪ್ಯಾಡ್, ಶಾಯಿ ಒರಸೋ ಅರಿವಿ, ಹೆಬ್ಬೆಟ್ಟಿನ ರಿಜಿಸ್ಟರ್ ಸಿಕ್ರ ಕಬಾಡಿಗೆ ಹಾಕಬ್ಯಾಡ್ರಿ, ಒದ್ದಿ ಅರಿವಿಲೆ ಒರಸಬ್ಯಾಡ್ರಿ, ಡಬ್ಬಿ ಜಂಗ್ ಹಿಡಿದಿದ್ರ ಎಣ್ಣಿನೂ ಹಚ್ಚಬ್ಯಾಡ್ರಿ. ಒಣಾ ಕಾಗದದಾಗ ಸುತ್ತಿ, ಎಲ್ಲಿ ಸಿಕ್ತು, ಯಾರು ಅದರ ಮ್ಯಾಲ ಹೆಬ್ಬೆಟ್ಟು ಒತ್ತುತಿದ್ರು ಅಂತ ನೆನಪಿರೋರನ್ನ ಕೇಳಿ ಎರಡು ಸಾಲು ಬರೆದಿಡ್ರಿ. ರಿಜಿಸ್ಟರಿನ್ಯಾಗ ಮಂದಿ ಹೆಸರು ಇರ್ತಾವ, ಅದನ್ನ ಫೋಟೋ ಹೊಡೆದು ವಾಟ್ಸಾಪಿನ್ಯಾಗ ಹಾಕಬ್ಯಾಡ್ರಿ, ಆ ಮನಿಯವರನ್ನ ಮೊದಲು ಕೇಳ್ರಿ. ದೌತಿ ನನಗ ಕೊಡದಿದ್ರೂ ನಡೀತದ, ಪ್ಯಾಡ್ ಇದ್ರ ಮಾತ್ರ ಒಂದು ಮಾತು ತಿಳಸ್ರಿ, ಬೀದರ್ ಇರ್ಲಿ ಶಹಾಪುರ ಇರ್ಲಿ, ನಾನೇ ಬಂದು ಒಯ್ತೀನಿ.